ಕಾಲುವೆ ದಂಡೆಯ ಮಕ್ಕಳಿಗೆ ಕಾನೂನು ಕಲಿಸಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಮಾನ್ಯ ಸಚಿವರಿಗೆ,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ,

ನಮಸ್ಕಾರಗಳು.

ನಮ್ಮ ಊರು ರಾಯಚೂರು ಜಿಲ್ಲೆಯಲ್ಲಿ, ಸಿಂಧನೂರು ಮತ್ತು ಮಸ್ಕಿಯ ನಡುವೆ ಇದೆ. ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆ ಊರನ್ನು ಸುತ್ತಿಕೊಂಡು ಹೋಗುತ್ತದೆ. ಅದರ ದಂಡೆಯ ಮೇಲೆ ದಿನಾ ಬೆಳಗಿನ ಐದು ಗಂಟೆಗೆ ಹುಡುಗರು ಓಡುತ್ತಾರೆ. ಒಬ್ಬ ಮೊಬೈಲ್ ಹಿಡಿದು ಹೊತ್ತು ಎಣಿಸುತ್ತಾನೆ, ಉಳಿದವರು ಬರಿಗಾಲಲ್ಲಿ ಮಣ್ಣು ಹಾರಿಸುತ್ತ ಓಡುತ್ತಾರೆ. 1600 ಮೀಟರ್, ಆರೂವರೆ ನಿಮಿಷ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆನ್ನುವ ಹುಡುಗ ದಾಟಬೇಕಾದ ಗೆರೆ ಅದು. ಹುಡುಗಿಯರು ದಂಡೆಗೆ ಬರುವುದಿಲ್ಲ. ಸಂಜೆ ನಮ್ಮ ಶಾಲೆಯ ಮೈದಾನದಲ್ಲಿ, ಚೂಡಿದಾರದ ಮೇಲೆಯೇ, ತಮ್ಮ 400 ಮೀಟರ್ ಓಡಿಕೊಂಡು ಕತ್ತಲಾಗುವ ಮೊದಲು ಮನೆ ಸೇರುತ್ತಾರೆ.

ಅವರಲ್ಲಿ ಮುಕ್ಕಾಲು ಪಾಲು ನನ್ನ ಶಿಷ್ಯರು. ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ನನಗೆ ಹದಿನಾಲ್ಕು ವರ್ಷವಾಯಿತು. ಮುಂದೆ ಏನಾಗುತ್ತೀರಿ ಎಂದು ಒಂಬತ್ತನೇ ತರಗತಿಯಲ್ಲಿ ಕೇಳಿದರೆ ಅರ್ಧ ತರಗತಿ ಹೇಳುವುದು ಒಂದೇ ಮಾತು: ಪೊಲೀಸ್. ಅದೂ ಕಾನ್‌ಸ್ಟೆಬಲ್. ಯಾಕೆಂದರೆ ಅವರು ಹತ್ತಿರದಿಂದ ಕಂಡಿರುವ ಸರ್ಕಾರಿ ಸಂಬಳದವರು ಮೂವರೇ: ಮೇಷ್ಟ್ರು, ನರ್ಸಮ್ಮ, ಪೊಲೀಸರು.

ಹೋದ ವರ್ಷ ಅಂಥ ಒಬ್ಬ ಓಟಗಾರನ ಬೈಕು ಕಳುವಾಯಿತು. ದೂರು ಬರೆದುಕೊಡಿ ಸರ್ ಎಂದು ನನ್ನ ಮನೆಗೆ ಬಂದ. ಬರೆದುಕೊಟ್ಟೆ. ನೀವೂ ಜೊತೆಗೆ ಬನ್ನಿ ಎಂದ. ಪೊಲೀಸ್ ಆಗಲು ಎರಡು ವರ್ಷದಿಂದ ಬೆವರು ಸುರಿಸುತ್ತಿರುವವನಿಗೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಭಯ. ದೂರು ಕೊಟ್ಟವನಿಗೆ ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಅವನಿಗೆ ತಿಳಿದಿರಲಿಲ್ಲ. 2024ರ ಜುಲೈ 1ರಿಂದ ಹಳೆಯ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ ಎಂದು ಅವನಿಗೆ ತಿಳಿದಿತ್ತು, ಸಾಮಾನ್ಯ ಜ್ಞಾನದ ಗೈಡಿನಲ್ಲಿ ಆ ಪ್ರಶ್ನೆ ಇದ್ದುದರಿಂದ. ತಾರೀಖು ಗೊತ್ತು. ಆ ಕಾನೂನು ತನ್ನದೂ ಹೌದು ಎಂಬುದು ಗೊತ್ತಿಲ್ಲ.

ಮಾನ್ಯರೇ, ಈ ಪತ್ರದ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ‘ಕಾನೂನು ಮತ್ತು ಸಾರ್ವಜನಿಕ ಸುರಕ್ಷತೆ’ ಎಂಬ ವೃತ್ತಿಪರ ವಿಷಯವನ್ನು ಕನ್ನಡದಲ್ಲಿ, ಅಂಕವಿರುವ, ಪರೀಕ್ಷೆಯಿರುವ, ಕೈಯಿಂದ ಮಾಡಿ ಕಲಿಯುವ ವಿಷಯವಾಗಿ ಆರಂಭಿಸಿ. ವಕೀಲಿ, ನ್ಯಾಯಾಲಯದ ಕಚೇರಿ, ಪೊಲೀಸ್, ಅಗ್ನಿಶಾಮಕ, ಕಾರಾಗೃಹ, ತುರ್ತು ಸೇವೆ ಇವೆಲ್ಲವೂ ಒಂದೇ ಪುಸ್ತಕದಲ್ಲಿ ಬರಲಿ. ಯಾಕೆ ಎಂಬುದನ್ನು ನಾನು ಕಣ್ಣಾರೆ ಕಂಡ ಎರಡು ಸಂಗತಿಗಳಿಂದ ಹೇಳುತ್ತೇನೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಒಂದು ದಿನ ಊಟದ ಬಿಡುವಿನಲ್ಲಿ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತಳು. ಸಮಾಜ ವಿಜ್ಞಾನದ ನೋಟ್‌ಬುಕ್ಕಿನ ನಡುವಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು. ‘ಸರ್, ಅವ್ವನನ್ನು ಒಳಗೆ ಹಾಕುತ್ತಾರಂತೆ’ ಎಂದಳು. ಧ್ವನಿಯೇ ಹೊರಡುತ್ತಿರಲಿಲ್ಲ. ಕಾಗದ ಬಿಡಿಸಿ ನೋಡಿದೆ. ನ್ಯಾಯಾಲಯದ ಸಮನ್ಸ್. ಎರಡು ವರ್ಷದ ಹಿಂದೆ ಹೆದ್ದಾರಿಯಲ್ಲಿ ನಡೆದ ಅಪಘಾತವೊಂದರಲ್ಲಿ ಅವಳ ತಾಯಿ ಸಾಕ್ಷಿ. ಹೊಲದಿಂದ ಬರುವಾಗ ಕಂಡಿದ್ದಳು, ಗಾಯಾಳುವಿಗೆ ನೀರು ಕುಡಿಸಿದ್ದಳು, ಪೊಲೀಸರು ಕೇಳಿದಾಗ ಹೆಸರು ಹೇಳಿದ್ದಳು. ಅಷ್ಟೆ. ಆ ತಾಯಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಊರಿನಲ್ಲಿ ಒಬ್ಬ ಕಾಗದ ಓದಿದವನಂತೆ ಮಾಡಿ, ಕೇಸಿನಿಂದ ಹೆಸರು ತೆಗೆಸುತ್ತೇನೆ, ಎರಡು ಸಾವಿರ ಕೊಡು ಎಂದಿದ್ದನಂತೆ. ಅವಳು ಕಿವಿಯ ಓಲೆ ಅಡವಿಡಲು ಹೊರಟಿದ್ದಳು.

‘ಸಾಕ್ಷಿದಾರಳು’ ಎಂಬ ಪದದ ಕೆಳಗೆ ಬೆರಳಿಟ್ಟು ಹುಡುಗಿಗೆ ತೋರಿಸಿದೆ. ಅವಳು ಆ ಪದವನ್ನು ಮೂರು ಸಲ ಓದಿದಳು. ಓದಲು ಬರುತ್ತಿತ್ತು, ಮೊದಲೂ ಓದಿಯೇ ಇದ್ದಳು. ಆ ಪದ ಕಾಗದದ ಮೇಲೆ ಇದ್ದಾಗ ಏನು ಮಾಡುತ್ತದೆ, ಯಾರನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದನ್ನು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಅದನ್ನು ಹೇಳಬೇಕಾದ ಸಮಾಜ ವಿಜ್ಞಾನದ ಮೇಷ್ಟ್ರು ನಾನೇ. ನಮ್ಮ ಪಾಠದಲ್ಲಿ ಸುಪ್ರೀಂ ಕೋರ್ಟ್ ಇದೆ, ಹೈಕೋರ್ಟ್ ಇದೆ, ಮೂಲಭೂತ ಹಕ್ಕುಗಳಿವೆ. ಸಮನ್ಸ್ ಇಲ್ಲ. ವಾರಂಟಿಗೂ ಸಮನ್ಸಿಗೂ ಇರುವ ವ್ಯತ್ಯಾಸ ಇಲ್ಲ. ಸಾಕ್ಷಿ ಹೇಳಲು ಬಂದವರಿಗೆ ಬಂದುಹೋಗುವ ಖರ್ಚು ಕೊಡಲು ಕಾನೂನಿನಲ್ಲಿ ಅವಕಾಶವಿದೆ ಎಂಬುದಿಲ್ಲ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ಹೇಳುತ್ತದೆ, ಅದಕ್ಕಾಗಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಒಂದು ಸಮಿತಿ ಇದೆ ಎಂಬುದಿಲ್ಲ. ಕಾನೂನು ನೆರವಿಗಾಗಿ ಕರೆ ಮಾಡಬಹುದಾದ 15100 ಎಂಬ ಸಂಖ್ಯೆ ಇಲ್ಲ.

ನಮ್ಮ ಕಡೆಯ ಮಕ್ಕಳಿಗೆ ಕಾನೂನು ಎದುರಾಗುವುದು ಹದಿನೆಂಟು ತುಂಬಿದ ಮೇಲೆ ಅಲ್ಲ. ತಂದೆಯ ಜಮೀನಿನ ಪಹಣಿಯಲ್ಲಿ ಹೆಸರು ತಪ್ಪಾದಾಗ, ಅಣ್ಣ ಲೈಸೆನ್ಸ್ ಇಲ್ಲದೆ ಬೈಕು ಓಡಿಸಿ ಸಿಕ್ಕಿಬಿದ್ದಾಗ, ಬೀಜದ ಹತ್ತಿಯ ಹೊಲಕ್ಕೆ ಕೂಲಿಗೆ ಕರೆದೊಯ್ಯಲು ಬೆಳಿಗ್ಗೆ ಟಂಟಂ ಬಂದು ನಿಂತಾಗ, ಪಕ್ಕದ ಬೆಂಚಿನ ಹುಡುಗಿಗೆ ಲಗ್ನ ಗೊತ್ತಾದಾಗ, ಹದಿನಾಲ್ಕಕ್ಕೇ ಎದುರಾಗುತ್ತದೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿದೆ. ಆ ಕಾಯ್ದೆ ಬೇಕಾಗಿದ್ದ ಜಿಲ್ಲೆಗಳಲ್ಲಿ ನಮ್ಮ ಮೂರೂ ಸೇರಿವೆ. 2016ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಎಂದರೆ ಅದು ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ಇದನ್ನು ನಾನು ತರಗತಿಯಲ್ಲಿ ಹೇಳಿದ ದಿನ ಹಿಂದಿನ ಬೆಂಚಿನಲ್ಲಿ ಒಬ್ಬಳು ತಲೆ ಎತ್ತಿ ನೋಡಿದ ರೀತಿಯನ್ನು ಮರೆಯಲಾರೆ. ಅವಳ ಅಕ್ಕನ ಮದುವೆ ಹದಿನಾರಕ್ಕೆ ಆಗಿತ್ತು.

ಎರಡನೆಯ ಸಂಗತಿ ಹೇಳಲು ನನಗೆ ಕಷ್ಟ. ಆದರೂ ಹೇಳಬೇಕು.

ಮೂರು ವರ್ಷದ ಹಿಂದೆ ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ, ಎಂಟನೇ ತರಗತಿಯ ಹುಡುಗನೊಬ್ಬ ಎಮ್ಮೆ ಮೈ ತೊಳೆಯಲು ಹೋಗಿ ಕಾಲು ಜಾರಿ ಬಿದ್ದ. ಹತ್ತನೇ ತರಗತಿಯ ಅವನ ಗೆಳೆಯ ಹಿಂದೆಮುಂದೆ ನೋಡದೆ ಹಾರಿದ. ಇಬ್ಬರಿಗೂ ಈಜು ಬರುತ್ತಿರಲಿಲ್ಲ. ದಂಡೆಯ ಮೇಲೆ ಹತ್ತು ಜನ ಇದ್ದರು. ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳ ಕೈಯಲ್ಲಿ ಒದ್ದೆ ಸೀರೆ ಇತ್ತು, ಐದೂವರೆ ಮೀಟರ್ ಉದ್ದದ್ದು. ಬೇಲಿಯ ಹತ್ತಿರ ಖಾಲಿ ಪ್ಲಾಸ್ಟಿಕ್ ಕ್ಯಾನುಗಳು ಬಿದ್ದಿದ್ದವು. ಸೀರೆಯ ಒಂದು ತುದಿಗೆ ಮುಚ್ಚಳ ಹಾಕಿದ ಕ್ಯಾನು ಕಟ್ಟಿ ಎಸೆದಿದ್ದರೆ ಹಿಡಿದುಕೊಳ್ಳುವಷ್ಟು ಹತ್ತಿರದಲ್ಲಿಯೇ ಆ ಮಕ್ಕಳಿದ್ದರು. ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಕೂಗುತ್ತಿದ್ದರು.

ಕೂಗು ಕೇಳಿ ಶಾಲೆಯಿಂದ ನಾನೂ ಓಡಿದೆ. ಅಷ್ಟರಲ್ಲಿ ಚಿಕ್ಕವನನ್ನು ಎಳೆದು ಹಾಕಿದ್ದರು. ಹೊಟ್ಟೆಯ ನೀರು ತೆಗೆಯಬೇಕೆಂದು ಬೋರಲು ಮಲಗಿಸಿ ಬೆನ್ನು ಒತ್ತುತ್ತಿದ್ದರು. 108ಕ್ಕೆ ಕರೆ ಮಾಡಿದವರು ‘ಕ್ಯಾಂಪಿನ ಹತ್ತಿರ’ ಎಂದರು. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಕ್ಯಾಂಪುಗಳಿವೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆಂಧ್ರದ ಕಡೆಯಿಂದ ಬಂದು ನೀರಾವರಿ ಜಮೀನು ಮಾಡಿದವರು ನೆಲೆಸಿದ ಊರೆಲ್ಲವೂ ಒಂದೊಂದು ಕ್ಯಾಂಪ್. ಯಾವ ಕ್ಯಾಂಪ್, ಯಾವ ರಸ್ತೆ, ಕಾಲುವೆಯ ಎಷ್ಟನೇ ತೂಬು ಎಂದು ಹೇಳಲು ಯಾರಿಗೂ ಆಗಲಿಲ್ಲ. ಕರೆ ಸ್ವೀಕರಿಸಿದವರ ತಪ್ಪಲ್ಲ ಅದು. ತಾನು ಎಲ್ಲಿ ನಿಂತಿದ್ದೇನೆ ಎಂದು ಭಯದಲ್ಲಿಯೂ ನಾಲ್ಕು ಮಾತಿನಲ್ಲಿ ಹೇಳುವುದು ಕಲಿತರೆ ಮಾತ್ರ ಬರುವ ವಿದ್ಯೆ.

ಇಬ್ಬರೂ ಉಳಿಯಲಿಲ್ಲ.

ಸಂವಿಧಾನದ ಪೀಠಿಕೆಯನ್ನು ವರ್ಷವರ್ಷವೂ ಬಾಯಿಪಾಠ ಮಾಡಿಸುವ ನನಗೆ, ಒಂದು ಮಗುವಿನ ಎದೆಯ ಮೇಲೆ ಕೈ ಎಲ್ಲಿಡಬೇಕೆಂದು ಅವತ್ತು ತಿಳಿದಿರಲಿಲ್ಲ. ಆಮೇಲೆ ಪ್ರಥಮ ಚಿಕಿತ್ಸೆಯ ತರಬೇತಿಗೆ ಹೋಗಿ ಕಲಿತೆ. ನೀರಿನಿಂದ ತೆಗೆದವನಿಗೆ ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ವೇಗದಲ್ಲಿ ಒತ್ತಬೇಕು, ಮೂವತ್ತು ಸಲ ಒತ್ತಿ ಎರಡು ಸಲ ಊದಬೇಕು. ಹೊಟ್ಟೆ ಒತ್ತಬಾರದು, ತಲೆಕೆಳಗೆ ಮಾಡಬಾರದು. ಹದಿನಾಲ್ಕು ವರ್ಷದ ಮಗು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತದೆ. ನಮ್ಮ ಮಕ್ಕಳು ಹತ್ತಿಯ ದಿಂಬಿನ ಮೇಲೆ ಕಲಿತಿದ್ದಾರೆ, ನೋಡಿದ್ದೇನೆ.

2022ರಲ್ಲಿ ಬಳ್ಳಾರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡ ಬಾಲಕನ ದೇಹವನ್ನು ಉಪ್ಪಿನಲ್ಲಿ ಮುಚ್ಚಿಟ್ಟು ಜೀವ ಬರುತ್ತದೆಂದು ಗಂಟೆಗಟ್ಟಲೆ ಕಾದ ಸುದ್ದಿಯನ್ನು ತಾವೂ ಓದಿರುತ್ತೀರಿ. ಮೊಬೈಲಿನಲ್ಲಿ ಹರಿದಾಡಿದ ಒಂದು ಸುಳ್ಳು ಸಂದೇಶವನ್ನು ಅವರು ನಂಬಿದ್ದರು. ಆ ತಂದೆತಾಯಿಯನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಅವರ ಕೈಗೆ ನಾವು ಬೇರೆ ಏನನ್ನೂ ಕೊಟ್ಟಿರಲಿಲ್ಲ, ವಾಟ್ಸ್‌ಆ್ಯಪ್ ಉಪ್ಪನ್ನು ಕೊಟ್ಟಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಸೋಮವಾರ ತರಗತಿಯಲ್ಲಿ ಮಕ್ಕಳಿಗೆ ಬೇರೆ ಪಾಠ ಕೇಳುವ ಮನಸ್ಸೇ ಇರಲಿಲ್ಲ. ನದಿ ದಂಡೆಯ ಊರುಗಳಿಗೆ ಯಾರು ತಿಳಿಸುತ್ತಾರೆ ಸರ್? ರಾತ್ರಿ ಯಾರು ಎಚ್ಚರ ಇರುತ್ತಾರೆ? ಹರಿಯುವ ನೀರಿನಲ್ಲಿ ಹೊಸ ಗೇಟನ್ನು ಇಳಿಸುವವರು ಏನು ಓದಿರುತ್ತಾರೆ? ಒಂದು ವಾರ ಅದೇ ಮಾತು, ಆ ಕಿಂಡಿಗೆ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ನೀರು ನಿಲ್ಲಿಸುವವರೆಗೆ. ವಿಪತ್ತು ನಿರ್ವಹಣೆಯ ಪಾಠವನ್ನು ನಾನು ವರ್ಷಗಳಿಂದ ಮಾಡಿದ್ದೇನೆ, ಆ ವಾರದಷ್ಟು ಚೆನ್ನಾಗಿ ಎಂದೂ ಮಾಡಿರಲಿಲ್ಲ. ಆ ಪ್ರಶ್ನೆಗಳು ಕೆಲಸದ ಪ್ರಶ್ನೆಗಳು. ಪ್ರತಿಯೊಂದರ ಹಿಂದೆಯೂ ಒಂದು ಹುದ್ದೆ ಇದೆ, ಒಂದು ತರಬೇತಿ ಇದೆ, ಒಂದು ಕಾನೂನು ಇದೆ.

ಈಗ ಇರುವುದೇನು ಎಂದು ಕೇಳಬಹುದು. ಎನ್‌ಸಿಸಿ ಇದೆ, ಎಲ್ಲ ಶಾಲೆಗೂ ಇಲ್ಲ. 2010ರಲ್ಲಿ ಕೇರಳದಲ್ಲಿ ಆರಂಭವಾಗಿ 2018ರಲ್ಲಿ ದೇಶಕ್ಕೆ ಹಬ್ಬಿದ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆ ಇದೆ, ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ. ಒಳ್ಳೆಯ ಯೋಜನೆ. ಆದರೆ ಅದಕ್ಕೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಅಂಕವಿಲ್ಲದ ವಿಷಯಕ್ಕೆ ಪರೀಕ್ಷೆ ಹತ್ತಿರ ಬಂದಾಗ ಏನಾಗುತ್ತದೆ ಎಂದು ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯುಎಫ್) ಅಡಿಯಲ್ಲಿ ವೃತ್ತಿಪರ ವಿಷಯಗಳು ಇರುವ ಪ್ರೌಢಶಾಲೆಗಳಲ್ಲಿ ಮಕ್ಕಳು ತೃತೀಯ ಭಾಷೆಯ ಬದಲಿಗೆ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇತ್ಯಾದಿ ಓದುತ್ತಾರೆ. ಬಾಗಿಲು ಇದೆ ಎಂದಾಯಿತು. ಅದೇ ಬಾಗಿಲಿನಿಂದ ಇನ್ನೊಂದು ವಿಷಯವನ್ನು ಒಳಗೆ ಕರೆದುಕೊಳ್ಳಿ ಎಂದಷ್ಟೇ ನಾನು ಕೇಳುತ್ತಿರುವುದು.

ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತು, ಹತ್ತನೇ ತರಗತಿಗೆ ‘ಸೆಕ್ಯುರಿಟಿ’ ಎಂಬ ಕೌಶಲ ವಿಷಯವಿದೆ, ಹನ್ನೊಂದು, ಹನ್ನೆರಡಕ್ಕೆ ‘ಲೀಗಲ್ ಸ್ಟಡೀಸ್’ ಇದೆ. ಮೊದಲನೆಯದು ಖಾಸಗಿ ಭದ್ರತೆಯ ಕೆಲಸವನ್ನು ಕಣ್ಣಮುಂದೆ ಇಟ್ಟುಕೊಂಡದ್ದು. ಅದನ್ನೇ ಕನ್ನಡಕ್ಕೆ ತಿರುಗಿಸಿ ನಮ್ಮ ಶಾಲೆಗಳಿಗೆ ಕಳಿಸುವುದಾದರೆ ನನ್ನ ವಿರೋಧವಿದೆ. ಕಾವಲು ಕೆಲಸ ಕೀಳಲ್ಲ. ನಮ್ಮೂರಿನ ಎಷ್ಟೋ ಜನ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ರಾತ್ರಿಯಿಡೀ ನಿಂತು ಇಲ್ಲಿ ಮನೆ ನಡೆಸುತ್ತಿದ್ದಾರೆ. ಆದರೆ ಸರ್ಕಾರವೇ ಪಠ್ಯ ಬರೆಯುವಾಗ ನಮ್ಮ ಮಕ್ಕಳ ಕಣ್ಣಿಗೆ ಗೇಟಿನಷ್ಟೇ ಎತ್ತರದ ಕನಸು ತೋರಿಸಬಾರದು. ಅಮೆರಿಕದ ಹೈಸ್ಕೂಲುಗಳಲ್ಲಿ ವೃತ್ತಿಶಿಕ್ಷಣವನ್ನು 16 ಗುಂಪುಗಳಾಗಿ ಹಂಚಿದಾಗ ಒಂದು ಗುಂಪನ್ನು ಕಾನೂನು, ಸಾರ್ವಜನಿಕ ಸುರಕ್ಷತೆ, ಕಾರಾಗೃಹ ಮತ್ತು ಭದ್ರತೆಗೆ ಮೀಸಲಿಟ್ಟರು. ಟೆಕ್ಸಾಸ್‌ನ ಶಾಲೆಗಳಲ್ಲಿ ನ್ಯಾಯಾಲಯದ ವ್ಯವಸ್ಥೆ, ವಿಧಿವಿಜ್ಞಾನ, ಅಗ್ನಿಶಾಮಕ ಇವುಗಳಿಗೆ ಬೇರೆಬೇರೆ ಕೋರ್ಸುಗಳಿವೆ. ಅವರ ನೆಲ ಬೇರೆ, ಕಾನೂನು ಬೇರೆ, ಅವರ ಪುಸ್ತಕ ನಮಗೆ ಬೇಡ. ವಕೀಲ, ಪೊಲೀಸ್, ಬೆಂಕಿ ಆರಿಸುವವನು, ಜೈಲಿನ ಅಧಿಕಾರಿ ಇವರೆಲ್ಲ ಒಂದೇ ಸರಪಳಿಯ ಕೊಂಡಿಗಳು ಎಂದು ಹದಿನಾಲ್ಕರ ವಯಸ್ಸಿಗೇ ತೋರಿಸುವ ಆ ಬುದ್ಧಿ ಮಾತ್ರ ನಮಗೆ ಬೇಕು.

ಆ ಸರಪಳಿ ನಮ್ಮ ಮಕ್ಕಳಿಗೆ ಕಾಣುತ್ತಿಲ್ಲ. ಸಶಸ್ತ್ರ ಪೊಲೀಸ್‌ಗೆ ಎಸ್‌ಎಸ್‌ಎಲ್‌ಸಿ, ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ, ಸಬ್‌ಇನ್‌ಸ್ಪೆಕ್ಟರ್‌ಗೆ ಪದವಿ ಎಂಬುದಷ್ಟೇ ಅವರಿಗೆ ಗೊತ್ತು. ಅಗ್ನಿಶಾಮಕ ಇಲಾಖೆಯಲ್ಲಿ ಫೈರ್‌ಮನ್ ಆಗಬಹುದೆಂದು ಗೊತ್ತಿರುವವರು ಕಡಿಮೆ. ನ್ಯಾಯಾಲಯದಲ್ಲಿ ಶಿರಸ್ತೇದಾರರು, ಶೀಘ್ರಲಿಪಿಗಾರರು, ಬೆರಳಚ್ಚುಗಾರರು, ಸಮನ್ಸ್ ಜಾರಿ ಮಾಡುವವರು ಇರುತ್ತಾರೆಂದು ಗೊತ್ತಿಲ್ಲ. ಅಪರಾಧಗಳ ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಿ ಸಾಕ್ಷ್ಯ ಸಂಗ್ರಹಿಸುವುದು ಕಡ್ಡಾಯವಾಗುತ್ತಿದೆ. ವಿಜ್ಞಾನ ಓದಿದ ಹಳ್ಳಿಯ ಹುಡುಗಿಗೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ? ಯಾರೂ ಅವಳಿಗೆ ಹೇಳಿಲ್ಲ. ಹಟ್ಟಿಯಲ್ಲಿ ಚಿನ್ನದ ಗಣಿ ಇದೆ, ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ, ಸಂಡೂರಿನಲ್ಲಿ ಅದಿರು, ತೋರಣಗಲ್ಲಿನಲ್ಲಿ ಉಕ್ಕು, ಗಿಣಿಗೇರಾದ ಸುತ್ತ ಕಾರ್ಖಾನೆಗಳು. ದೊಡ್ಡ ಕಾರ್ಖಾನೆಗಳಲ್ಲಿ ಸುರಕ್ಷಾ ಅಧಿಕಾರಿ ಇರಬೇಕೆನ್ನುತ್ತದೆ ಕಾನೂನು. ನಮ್ಮ ಹುಡುಗರು ಅಲ್ಲಿಗೆ ಗುತ್ತಿಗೆ ಕೂಲಿಗಳಾಗಿ ಹೋಗುತ್ತಾರೆ, ಹೆಲ್ಮೆಟ್ ಹಾಕಿಸಿಕೊಳ್ಳುವವರಾಗಿ.

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಫಲವಾಗಿ ನಮ್ಮ ಪ್ರದೇಶದಲ್ಲಿ ಗುಂಪು ‘ಸಿ’ ಹುದ್ದೆಗಳಲ್ಲಿ ಶೇ 80, ಗುಂಪು ‘ಡಿ’ ಹುದ್ದೆಗಳಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಹೋರಾಡಿ ಪಡೆದದ್ದು ಅದು. ಆದರೆ ಮೀಸಲಿಟ್ಟ ಕುರ್ಚಿಯ ತನಕ ನಡೆಸಿಕೊಂಡು ಹೋಗುವ ದಾರಿ ಪ್ರೌಢಶಾಲೆಯಿಂದಲೇ ಇರಬೇಕು. ಈಗ ಆ ದಾರಿ ಧಾರವಾಡದ ಕೋಚಿಂಗ್ ಸೆಂಟರಿನ ಮೂಲಕ ಹೋಗುತ್ತದೆ. ಒಂದು ಎಕರೆಯನ್ನು ಲೀಸಿಗೆ ಹಾಕಿ, ಮಗನನ್ನು ಆರು ಜನರ ಒಂದು ರೂಮಿನಲ್ಲಿ ಇರಿಸಿ, ವರ್ಷ ಕಳೆದು ಕರೆಸಿಕೊಂಡ ಅಪ್ಪಂದಿರು ನಮ್ಮ ಊರಲ್ಲೇ ಇದ್ದಾರೆ. ಮಗಳನ್ನು ಹಾಗೆ ಕಳಿಸಿದ ಅಪ್ಪ ಒಬ್ಬನೂ ಇಲ್ಲ.

ವಕೀಲಿಯ ದಾರಿ ಇನ್ನೂ ಕಿರಿದು. ರಾಯಚೂರಿನಲ್ಲಿ ಕಾನೂನು ಕಾಲೇಜು ಇದೆ, ಬಳ್ಳಾರಿಯಲ್ಲಿ ಇದೆ. ಪಿಯುಸಿ ಮುಗಿಸಿ ಐದು ವರ್ಷ ಓದಿದರೆ ಕರಿಕೋಟು. ಇದು ಹತ್ತನೇ ತರಗತಿಯ ಮಕ್ಕಳಿಗೆ ಗೊತ್ತೇ ಇಲ್ಲ, ಡಿಗ್ರಿ ಮುಗಿದ ಮೇಲೆ ಬೇರೆ ಏನೂ ಸಿಗದವರು ಲಾ ಓದುತ್ತಾರೆಂದು ತಿಳಿದಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆಗೆ ಹೋಗಬೇಕಾದರೆ ಕ್ಲ್ಯಾಟ್ ಬರೆಯಬೇಕು, ಅದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಗು ಹದಿನೇಳಕ್ಕೆ ಆ ಪರೀಕ್ಷೆಯ ಹೆಸರು ಕೇಳಿದರೆ ತಡವಾಯಿತು. ಹದಿನಾಲ್ಕಕ್ಕೆ ಕೇಳಿದರೆ ಮೂರು ವರ್ಷ ಕೈಯಲ್ಲಿರುತ್ತದೆ. ರಾಯಚೂರಿನ ಮೇಲ್ಮನವಿಗಳು ಕಲಬುರಗಿ ಪೀಠಕ್ಕೆ ಹೋಗುತ್ತವೆ, ಕೊಪ್ಪಳ ಮತ್ತು ಬಳ್ಳಾರಿಯವು ಧಾರವಾಡ ಪೀಠಕ್ಕೆ. ಆ ಪೀಠಗಳು 2008ರಲ್ಲಿ ನಮ್ಮ ಹತ್ತಿರಕ್ಕೆ ಬಂದವು. ಅಲ್ಲಿ ನಿಂತು ವಾದಿಸುವ ನಮ್ಮ ಹಳ್ಳಿಯ ಹೆಣ್ಣುಮಗಳನ್ನು ನಾನು ನಿವೃತ್ತನಾಗುವುದರೊಳಗೆ ನೋಡಬೇಕು.

ಕೋರ್ಸು ಹೇಗಿರಬೇಕು ಎಂದು ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ. ವಾರಕ್ಕೆ ಎರಡು ದಿನ ಪುಸ್ತಕ ಮುಚ್ಚಿರಲಿ. ಮಕ್ಕಳು ದೂರು ಬರೆಯಲಿ, ಮಹಜರು ಬರೆಯಲಿ, ಮಾಹಿತಿ ಹಕ್ಕಿನ ಅರ್ಜಿ ತುಂಬಲಿ. ತರಗತಿಯೇ ನ್ಯಾಯಾಲಯವಾಗಲಿ, ಒಬ್ಬಳು ಸರ್ಕಾರಿ ಅಭಿಯೋಜಕಿ, ಒಬ್ಬ ಆರೋಪಿಯ ಪರ ವಕೀಲ, ಒಬ್ಬಳು ಸಾಕ್ಷಿ. ಆರೋಪಿಯ ಪರ ನಿಂತು ವಾದಿಸಿದ ಹುಡುಗ ಮುಂದೆ ಕಾನ್‌ಸ್ಟೆಬಲ್ ಆದರೆ ಲಾಠಿ ಎತ್ತುವ ಮೊದಲು ಒಂದು ಕ್ಷಣ ತಡೆಯುತ್ತಾನೆ. ನಾನು ಇದನ್ನು ನಂಬುತ್ತೇನೆ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ಸಂವಿಧಾನದ 22ನೇ ವಿಧಿಯನ್ನು ಪಾತ್ರ ಮಾಡಿ ಕಲಿತ ಮಗು ಮರೆಯುವುದಿಲ್ಲ. ಬಣವೆಗೆ ಬೆಂಕಿ ಬಿದ್ದರೆ, ಅಡುಗೆ ಅನಿಲ ಸೋರಿದರೆ, ಭತ್ತದ ಗದ್ದೆಯಲ್ಲಿ ಹಾವು ಕಚ್ಚಿದರೆ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎಂಬುದನ್ನು ಮಾಡಿ ತೋರಿಸಲಿ. ಹಾವು ಕಚ್ಚಿದಲ್ಲಿ ಬ್ಲೇಡಿನಿಂದ ಕೊಯ್ಯುವ, ಬಿಗಿದು ಕಟ್ಟುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ರಸ್ತೆ ಅಪಘಾತದಲ್ಲಿ ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ ಎಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಮಾತನ್ನು ಪ್ರತಿ ಮಗು ಮನೆಗೆ ಹೋಗಿ ಹೇಳಲಿ.

ಒಂದು ಎಚ್ಚರಿಕೆ. ಈ ವಿಷಯವನ್ನು ಪೊಲೀಸ್ ಭರ್ತಿಯ ತರಬೇತಿ ಕೇಂದ್ರ ಮಾಡಬೇಡಿ. ಪೊಲೀಸರೊಬ್ಬರೇ ಬಂದು ಕಲಿಸಿದರೆ ಮಕ್ಕಳು ಶಿಸ್ತು ಕಲಿಯುತ್ತಾರೆ, ಪ್ರಶ್ನೆ ಕಲಿಯುವುದಿಲ್ಲ. ವಕೀಲರೊಬ್ಬರೇ ಕಲಿಸಿದರೆ ಠಾಣೆಯಲ್ಲಿ ರಾತ್ರಿಪಾಳಿ ಮಾಡುವವರ ಕಷ್ಟ ತಿಳಿಯುವುದಿಲ್ಲ. ಇಬ್ಬರೂ ಒಂದೇ ಬೋರ್ಡಿನ ಮುಂದೆ ನಿಲ್ಲಬೇಕು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ವಕೀಲರು, ನಿವೃತ್ತ ಹೆಡ್ ಕಾನ್‌ಸ್ಟೆಬಲ್‌ಗಳು, ಅಗ್ನಿಶಾಮಕ ಠಾಣೆಯವರು, ಅರೆಕಾನೂನು ಸ್ವಯಂಸೇವಕರು ಇವರನ್ನು ಗೌರವಧನ ಕೊಟ್ಟು ಕರೆಯಿರಿ. ಗೌರವಧನ ತಿಂಗಳ ತಿಂಗಳಿಗೆ ಬರಲಿ. ವೃತ್ತಿ ವಿಷಯ ಕಲಿಸುವವರಿಗೆ ಸಂಬಳ ತಡವಾದರೆ ಅವರು ಬಿಟ್ಟು ಹೋಗುತ್ತಾರೆ, ಕೋರ್ಸು ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಮಂಡಳಿಯು ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಾಲೆಗಳಿಗೆ ಹಣ ಕೊಡುತ್ತಿದೆ, ಸಂತೋಷ. ಕಟ್ಟಡದ ಹಣದಲ್ಲಿ ಒಂದು ಚಿಕ್ಕ ಪಾಲನ್ನು ಇದಕ್ಕೆ ಇಡಿ. ಎದೆ ಒತ್ತಿ ಉಸಿರು ಊದುವುದನ್ನು ಕಲಿಯಲು ಒಂದು ಸಿಪಿಆರ್ ಗೊಂಬೆ, ಹಗ್ಗ, ಬೆಂಕಿ ನಂದಿಸುವ ಸಿಲಿಂಡರ್, ಒಂದು ಕಪಾಟು ಕಾನೂನಿನ ಪುಸ್ತಕ, ತಿಂಗಳಿಗೊಮ್ಮೆ ನ್ಯಾಯಾಲಯಕ್ಕೋ ಠಾಣೆಗೋ ಹೋಗಿಬರಲು ಬಸ್ ಖರ್ಚು. ಒಂದು ಕೊಠಡಿ ಕಟ್ಟಿಸುವುದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ವರ್ಷಕ್ಕೊಮ್ಮೆ ಮಕ್ಕಳನ್ನು ಮಸ್ಕಿಯ ಅಶೋಕನ ಶಾಸನ ನೋಡಲು ಕರೆದೊಯ್ಯುತ್ತೇನೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡುಹಿಡಿದ ಆ ಬಂಡೆಯಿಂದಲೇ ಶಾಸನಗಳ ದೇವಾನಾಂಪ್ರಿಯ ಎಂಬ ರಾಜ ಅಶೋಕನೇ ಎಂಬುದು ಖಚಿತವಾದದ್ದು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೊಳಂನಲ್ಲೂ ಅವನ ಶಾಸನಗಳಿವೆ. ಧರ್ಮದ ಗುರಿ ಮುಟ್ಟುವುದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಮಸ್ಕಿಯ ಶಾಸನದ ಸಾರ. ಅದನ್ನು ಕನ್ನಡದಲ್ಲಿ ವಿವರಿಸುವಾಗ, ಸಮನ್ಸ್ ತಂದಿದ್ದ ಆ ಹುಡುಗಿ ಹೋದ ಸಲ ಮುಂದೆಯೇ ನಿಂತಿದ್ದಳು. ಸಾಕ್ಷಿ ಹೇಳುವ ದಿನ ಅವಳು ತಾಯಿಯ ಜೊತೆ ನ್ಯಾಯಾಲಯಕ್ಕೆ ಹೋಗಿದ್ದಳು. ಮರುದಿನ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ನ್ಯಾಯಾಧೀಶರು ಎಲ್ಲಿ ಕೂರುತ್ತಾರೆ, ಸಾಕ್ಷಿಕಟ್ಟೆ ಎಲ್ಲಿದೆ, ಟೈಪ್ ಮಾಡುವವರು ಯಾರ ಕಡೆಗೆ ಮುಖ ಮಾಡಿರುತ್ತಾರೆ ಎಂದು ನಲವತ್ತು ನಿಮಿಷ ಪಾಠ ಮಾಡಿದಳು. ನಾನು ಕೊನೆಯ ಬೆಂಚಿನಲ್ಲಿ ಕೂತು ಕೇಳಿದೆ.

ಜೂನ್‌ನಲ್ಲಿ ಶಾಲೆಗಳು ತೆರೆಯುತ್ತವೆ. ಮೊದಲು ಕೆಲವೇ ಶಾಲೆಗಳಲ್ಲಿ ಪ್ರಯೋಗ ಮಾಡುವುದಾದರೆ ನಮ್ಮ ಶಾಲೆಯನ್ನು ಆ ಪಟ್ಟಿಗೆ ಸೇರಿಸಿ. ಹಳೆಯ ಉಗ್ರಾಣದ ಕೋಣೆಯನ್ನು ಮಕ್ಕಳು ಈಗಾಗಲೇ ಗುಡಿಸಿ ಸುಣ್ಣ ಬಳಿದಿದ್ದಾರೆ. ಶನಿವಾರ ಮಧ್ಯಾಹ್ನ ಬರಲು ಒಬ್ಬ ವಕೀಲರು ಒಪ್ಪಿದ್ದಾರೆ. ಪಠ್ಯ ಬರೆಯುವ ಸಮಿತಿಯನ್ನು ತಾವು ಮಾಡುವುದಾದರೆ ಒಂದು ಸಭೆಯನ್ನು ಇಲ್ಲಿಯೇ ನಡೆಸಿ. ಸಿಂಧನೂರಿನಿಂದ ಮಸ್ಕಿಗೆ ಬರುವ ಸಾಮಾನ್ಯ ಬಸ್ಸು ಉಪಕಾಲುವೆಯ ಸೇತುವೆಯ ಹತ್ತಿರ ನಿಲ್ಲುತ್ತದೆ. ಸೇತುವೆಯ ಕಂಬಿಗೆ ಎರಡು ಹಳದಿ ಕ್ಯಾನುಗಳನ್ನು ಉದ್ದನೆಯ ನೈಲಾನ್ ಹಗ್ಗದಿಂದ ಕಟ್ಟಿರುವುದು ಕಾಣುತ್ತದೆ, ನಮ್ಮ ಮಕ್ಕಳೇ ಕಟ್ಟಿದ್ದು. ಅಲ್ಲಿ ಇಳಿಯಿರಿ. ಶಾಲೆಗೆ ಅಲ್ಲಿಂದ ಹತ್ತು ನಿಮಿಷದ ನಡಿಗೆ.

ತಮ್ಮ ವಿಶ್ವಾಸಿ,
ಸಮಾಜ ವಿಜ್ಞಾನ ಶಿಕ್ಷಕ,
ಸರ್ಕಾರಿ ಪ್ರೌಢಶಾಲೆ, ರಾಯಚೂರು ಜಿಲ್ಲೆ